ಗಾಜಿನ ತೊಟ್ಟಿಯಲ್ಲಿ ಸವಳು

ಅಕ್ವೇರಿಯಂ ಗಿಡ ಸಾಯ್ತಾ ಇದೆ ಅಂತ ಯಾರನ್ನಾದ್ರೂ ಕೇಳಿ ನೋಡಿ. ಮೊದಲ ಪ್ರಶ್ನೆ, "ಗೊಬ್ಬರ ಹಾಕ್ತಾ ಇದ್ದೀರಾ?" ಹೌದು ಅಂದ್ರೆ ಎರಡನೇ ಪ್ರಶ್ನೆ, "ಲೈಟ್ ಎಷ್ಟು ವ್ಯಾಟ್?" ಅದೂ ಸರಿ ಇದೆ ಅಂದ್ರೆ, "ಹಾಗಾದ್ರೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ತಗೊಳ್ಳಿ." ಮೂರೂ ಮಾತಿನ ಹಿಂದೆ ಇರೋದು ಒಂದೇ ನಂಬಿಕೆ: ಗಿಡಕ್ಕೆ ಏನೋ ಕಡಿಮೆ ಬಿದ್ದಿದೆ, ಅದನ್ನ ತಂದು ಹಾಕಿದ್ರೆ ಸರಿಹೋಗುತ್ತೆ. ರಾಯಚೂರು ಜಿಲ್ಲೆಯ ನೀರಲ್ಲಿ ಈ ನಂಬಿಕೆ ಎಷ್ಟು ದೂರ ಬರುತ್ತೆ ಅನ್ನೋದೇ ಈ ಲೇಖನ.

ನಮ್ಮ ಮನೆ ಸಿಂಧನೂರಲ್ಲಿ. ತಂಗಿ ಪಿಯುಸಿ ಓದ್ತಾಳೆ, ಅವಳದ್ದೊಂದು ಎರಡಡಿ ಉದ್ದದ ತೊಟ್ಟಿ ಇದೆ. ಕಲ್ಲು ಮಣ್ಣಿನ ಜಾಗ ಕಳೆದ್ರೆ ಸುಮಾರು 50 ಲೀಟರ್ ನೀರು. ಒಂದಿಷ್ಟು ಗಪ್ಪಿ ಮೀನು, ಮೂರು ಜಾತಿ ಗಿಡ. ರಿಬ್ಬನ್ ಹಾಗೆ ಉದ್ದುದ್ದ ಎಲೆಯ ವ್ಯಾಲಿಸ್ನೇರಿಯಾ, ಸಣ್ಣ ಎಲೆಯ ರೊಟಾಲಾ, ಕಂದು-ಹಸಿರು ಎಲೆಯ ಕ್ರಿಪ್ಟೊಕೊರಿನ್. ನಾನು ಹಾಸ್ಟೆಲ್‌ನಲ್ಲಿ ಇರೋದ್ರಿಂದ ನನ್ನ ಪಾಲಿಗೆ ಆ ತೊಟ್ಟಿ ಅಂದ್ರೆ ವಾಟ್ಸಾಪ್ ಫೋಟೋ. ಹೋದ ಬೇಸಿಗೆಯ ಏಪ್ರಿಲ್ ಹೊತ್ತಿಗೆ ಫೋಟೋಗಳ ಬಣ್ಣ ಬದಲಾಗ್ತಾ ಬಂತು. "ಅಣ್ಣಾ, ಮೀನ ಆರಾಮ ಅದಾವು, ಗಿಡ ಮಾತ್ರ ಒಂದೊಂದ ಹೊಂಟಾವು" ಅಂತ ಕೆಳಗೆ ಒಂದು ಸಾಲು.

ಗಿಡಕ್ಕೆ ಬಾಯಿಲ್ಲ, ಆದ್ರೆ ಎಲೆ ಇದೆ. ಎಲೆ ಓದೋಕೆ ಒಂದು ಸರಳ ಸೂತ್ರ ಇದೆ, ಬಾಲ್ಕನಿಯ ಟೊಮ್ಯಾಟೊ ಗಿಡಕ್ಕೂ ನಡೆಯುತ್ತೆ. ರೋಗ ಶುರುವಾಗಿದ್ದು ಹಳೇ ಎಲೆಯಲ್ಲೋ ಹೊಸ ಎಲೆಯಲ್ಲೋ ನೋಡಬೇಕು. ಸಾರಜನಕ, ರಂಜಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಇವನ್ನ ಗಿಡ ಒಳಗೊಳಗೇ ಸಾಗಿಸಬಲ್ಲದು. ಕೊರತೆ ಬಿದ್ರೆ ಹಳೇ ಎಲೆಯಿಂದ ಕಿತ್ತು ಹೊಸ ಚಿಗುರಿಗೆ ಕೊಡುತ್ತೆ, ಮನೇಲಿ ಊಟ ಕಡಿಮೆ ಇದ್ದಾಗ ಹಿರಿಯರು ತಮ್ಮ ತಟ್ಟೆಯಿಂದ ಮಕ್ಕಳಿಗೆ ಬಡಿಸಿದ ಹಾಗೆ. ಅದಕ್ಕೇ ಹಳೇ ಎಲೆ ಮೊದಲು ಹಳದಿ ಆಗುತ್ತೆ, ಪೊಟ್ಯಾಸಿಯಂ ಆದ್ರೆ ಹಳೇ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಬೀಳುತ್ತೆ. ಕಬ್ಬಿಣ, ಕ್ಯಾಲ್ಸಿಯಂ, ಮ್ಯಾಂಗನೀಸ್ ಹಾಗಲ್ಲ. ಒಂದು ಸಲ ಎಲೆಯಲ್ಲಿ ಕೂತ್ರೆ ಅಲ್ಲೇ. ಅವು ಕಡಿಮೆ ಆದ್ರೆ ಹಳೇ ಎಲೆ ಗಟ್ಟಿಯಾಗೇ ಇರುತ್ತೆ, ಚಿಗುರು ಬಿಳಿಚಿಕೊಳ್ಳುತ್ತೆ. ನರ ಮಾತ್ರ ಹಸಿರು, ನಡುವಿನದೆಲ್ಲ ತಿಳಿಹಳದಿ ಅಂದ್ರೆ ಸಾಮಾನ್ಯವಾಗಿ ಕಬ್ಬಿಣ.

ಈ ಸೂತ್ರ ಇಟ್ಕೊಂಡು ಫೋಟೋ ನೋಡಿದ್ರೆ ತಲೆ ಕೆಡ್ತು. ರೊಟಾಲಾದ ಚಿಗುರಲ್ಲಿ ಹಸಿರು ನರ, ಹಳದಿ ಎಲೆ: ಕಬ್ಬಿಣ. ಅದೇ ಗಿಡದ ಕೆಳಗಿನ ಎಲೆಯಲ್ಲಿ ತೂತು: ಪೊಟ್ಯಾಸಿಯಂ. ಕ್ರಿಪ್ಟೊಕೊರಿನ್ ಎಲೆ ಗಾಜಿನ ಹಾಗೆ ಪಾರದರ್ಶಕ ಆಗಿ ಕರಗ್ತಾ ಇತ್ತು. ಅದಕ್ಕೆ ನೀರು ದಿಢೀರ್ ಬದಲಾದ್ರೆ, ಶಾಖ ಏರಿದ್ರೆ ಎಲೆ ಉದುರಿಸಿಬಿಡೋ ಸ್ವಭಾವ. ಅಂಗಡಿಯಿಂದ ತಂದ ಹೊಸತರಲ್ಲೂ ಹಾಗಾಗುತ್ತೆ, ಯಾಕಂದ್ರೆ ನರ್ಸರಿಗಳಲ್ಲಿ ಇಂಥ ಗಿಡಗಳನ್ನ ಬಹುಪಾಲು ನೀರಿನ ಮೇಲೆ, ಗಾಳಿಯಲ್ಲಿ ಬೆಳೆಸಿರ್ತಾರೆ. ಆದ್ರೆ ಈ ಗಿಡ ಬಂದು ಏಳೆಂಟು ತಿಂಗಳಾಗಿತ್ತು. ಇನ್ನು ವ್ಯಾಲಿಸ್ನೇರಿಯಾ? ಅದು ಏನೂ ಆಗೇ ಇಲ್ಲ ಅನ್ನೋ ಹಾಗೆ ತೊಟ್ಟಿ ತುಂಬ ಓಡಾಡ್ಕೊಂಡಿತ್ತು.

ಹಾಕ್ತಿದ್ದ ಗೊಬ್ಬರದಲ್ಲಿ ಕಬ್ಬಿಣವೂ ಇತ್ತು, ಪೊಟ್ಯಾಸಿಯಂ ಕೂಡ ಇತ್ತು. ಅಳತೆ ತಪ್ಪದೆ ವಾರಕ್ಕೊಮ್ಮೆ ಬೀಳ್ತಿತ್ತು. ಇರೋದು ಕಡಿಮೆ ಆಗೋದು ಹೇಗೆ?

ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಾಕಾನ ಬಾಯಲ್ಲಿ. ಕಾಕಾ ಅಕ್ವೇರಿಯಂ ಸಾಕಿದವರಲ್ಲ, ಆದ್ರೆ ಮೂವತ್ತು ವರ್ಷದಿಂದ ನೀರೊಳಗಿನ ಗಿಡ ಬೆಳೀತಾ ಇದ್ದಾರೆ. ಭತ್ತ ಅಂದ್ರೆ ಅದೇ ತಾನೆ? ಸಿಂಧನೂರಿಂದ ಮಸ್ಕಿ ಕಡೆ ಹೋಗೋ ದಾರಿಯ ಕಾಲುವೆ ಬಯಲಲ್ಲಿ ಅವರದ್ದು ನಾಲ್ಕು ಎಕರೆ. ತಂಗಿ ಫೋನ್ ತೋರಿಸಿದಾಗ ಅವರಂದ್ರಂತೆ, "ಇದು ನಮ್ಮ ನೆಲ್ಲಿಗೆ ಜಿಂಕ್ ಬಿದ್ದಂಗ ಐತಲ್ಲ. ಭೂಮ್ಯಾಗ ಐತಿ, ಬೇರಿಗೆ ಸಿಗವಲ್ದು."

ನಮ್ಮ ಕಡೆ "ಜಿಂಕ್ ಬಿತ್ತು" ಅಂದ್ರೆ ಸತುವಿನ ಕೊರತೆ ಕಾಣಿಸ್ತು ಅಂತ ಅರ್ಥ. ನಾಟಿ ಮಾಡಿದ ಕೆಲವು ವಾರಕ್ಕೆ ಭತ್ತದ ಎಲೆ ಮೇಲೆ ತುಕ್ಕಿನ ಬಣ್ಣದ ಚುಕ್ಕೆ ಏಳುತ್ತೆ, ಗಿಡ ಕುಳ್ಳಾಗಿ ಕೂರುತ್ತೆ. ಉತ್ತರ ಭಾರತದಲ್ಲಿ ಇದಕ್ಕೆ ಖೈರಾ ಅಂತಾರೆ. ಬಹಳ ಕಾಲ ಏನು ಕಾಯಿಲೆ ಅಂತಾನೇ ಗೊತ್ತಿರಲಿಲ್ಲ. 1966ರಲ್ಲಿ ಪಂತನಗರದ ವಿಜ್ಞಾನಿ ವೈ. ಎಲ್. ನೆನೆ ಇದು ರೋಗಾಣುವಿನ ಕೆಲಸ ಅಲ್ಲ, ಸತುವಿನ ಕೊರತೆ ಅಂತ ತೋರಿಸಿಕೊಟ್ರು. ಇಲ್ಲಿ ಸ್ವಾರಸ್ಯ ಏನಂದ್ರೆ, ಎಷ್ಟೋ ಗದ್ದೆಗಳಲ್ಲಿ ಮಣ್ಣಲ್ಲಿ ಸತು ಇಲ್ಲದೇ ಇಲ್ಲ. ಸುಣ್ಣದಂಶ ಹೆಚ್ಚಿರೋ, ಕ್ಷಾರ ಗುಣದ, ಸದಾ ನೀರು ನಿಂತ ಮಣ್ಣಲ್ಲಿ ಅದು ಕರಗದ ರೂಪಕ್ಕೆ ಹೋಗಿ ಕೂತುಬಿಡುತ್ತೆ. ಡಬ್ಬಿಯಲ್ಲಿ ಬೆಲ್ಲ ಇದೆ, ಮುಚ್ಚಳ ತೆಗೆಯೋಕೆ ಬರ್ತಾ ಇಲ್ಲ.

ತೊಟ್ಟಿಯ ಕಬ್ಬಿಣದ ಕಥೆಯೂ ಇದೇ. ಬರೀ ಕಬ್ಬಿಣದ ಲವಣ ನೀರಿಗೆ ಹಾಕಿದ್ರೆ ತುಕ್ಕಾಗಿ ತಳಕ್ಕೆ ಇಳಿಯುತ್ತೆ. ಅದಕ್ಕೆ ಗೊಬ್ಬರ ಮಾಡೋರು ಕಬ್ಬಿಣವನ್ನ ಒಂದು ಸಾವಯವ ಅಣುವಿನ ಹಿಡಿತದಲ್ಲಿಟ್ಟು ಕೊಡ್ತಾರೆ. ಫಸ್ಟ್ ಇಯರ್ ಕೆಮಿಸ್ಟ್ರಿ ಲ್ಯಾಬಲ್ಲಿ ನೀರಿನ ಗಡಸುತನ ಅಳೆಯೋಕೆ ಇಡಿಟಿಎ ಹಾಕಿ ಟೈಟ್ರೇಷನ್ ಮಾಡಿದ್ದು ನೆನಪಿದೆಯಾ? ಅದೇ ಇಡಿಟಿಎ. ಅದರ ಹಿಡಿತ ಪಿಎಚ್ ಆರೂವರೆ ತನಕ ಗಟ್ಟಿ. ಡಿಟಿಪಿಎ ಅನ್ನೋದು ಏಳೂವರೆವರೆಗೆ ಬರುತ್ತೆ. ಇಡಿಡಿಎಚ್‌ಎ ಅನ್ನೋದು ಒಂಬತ್ತರ ಹತ್ತಿರಕ್ಕೂ ಕೈ ಬಿಡಲ್ಲ, ನೀರು ಸ್ವಲ್ಪ ಕೆಂಪಗಾಗುತ್ತೆ ಅಷ್ಟೇ. ತಂಗಿ ತೊಟ್ಟಿಯ ಪಿಎಚ್ 8.2. ಬಾಟಲಿ ಮೇಲಿದ್ದದ್ದು ಇಡಿಟಿಎ. ಆ ನೀರಲ್ಲಿ ಕ್ಯಾಲ್ಸಿಯಂ ಬಂದು ಇಡಿಟಿಎ ಕೈ ಹಿಡ್ಕೊಳ್ಳುತ್ತೆ, ಕಬ್ಬಿಣ ಒಂಟಿಯಾಗಿ ತಳ ಸೇರುತ್ತೆ.

ಕಾರ್ಬನ್ ಡೈಆಕ್ಸೈಡ್ ಲೆಕ್ಕವೂ ಹೀಗೇ. ಪಿಎಚ್ 8.2ರಲ್ಲಿ ನೀರಲ್ಲಿರೋ ಅಜೈವಿಕ ಇಂಗಾಲದಲ್ಲಿ ನೂರಕ್ಕೆ ಎರಡು ಭಾಗವೂ ಬಿಡಿ ಕಾರ್ಬನ್ ಡೈಆಕ್ಸೈಡ್ ಆಗಿ ಇರಲ್ಲ. ಉಳಿದದ್ದು ಹೆಚ್ಚೂ ಕಡಿಮೆ ಎಲ್ಲ ಬೈಕಾರ್ಬೊನೇಟ್. ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ಥರದವು ಬೈಕಾರ್ಬೊನೇಟ್‌ನಿಂದಲೇ ಇಂಗಾಲ ಎಳ್ಕೊಳ್ತವೆ. ಮೆತ್ತನೆ ನೀರಿಗೆ ಒಗ್ಗಿದ ಎಷ್ಟೋ ಗಿಡಗಳಿಗೆ ಅದು ಬರಲ್ಲ. ಒಂದೇ ತೊಟ್ಟಿಯಲ್ಲಿ ವ್ಯಾಲಿಸ್ನೇರಿಯಾಗೆ ಹಬ್ಬ, ರೊಟಾಲಾಗೆ ಉಪವಾಸ ಯಾಕೆ ಅಂತ ಇಲ್ಲಿಗೆ ಗೊತ್ತಾಯ್ತು. ಯೂಟ್ಯೂಬ್‌ನಲ್ಲಿ ನಾವು ಬಾಯ್ಬಿಟ್ಟು ನೋಡೋ ತೊಟ್ಟಿಗಳ ಶೈಲಿ ಬಹುಪಾಲು ಜಪಾನಿನ ತಕಾಶಿ ಅಮಾನೊ ಹಾಕಿಕೊಟ್ಟ ದಾರಿ. ಅಲ್ಲಿ ನೀರು ಸಾಮಾನ್ಯವಾಗಿ ಮೆತ್ತಗೆ. ಇಲ್ಲಿ ಸೋಪು ಉಜ್ಜಿದ್ರೆ ನೊರೆ ಬರೋದೇ ಕಷ್ಟ.

ಆದ್ರೂ ಒಂದು ಅನುಮಾನ ಉಳೀತು. ಈ ತೊಟ್ಟಿಗೆ ಮೊದಲಿಂದ್ಲೂ ಬೋರ್ ನೀರೇ. ಡಿಸೆಂಬರ್‌ನಲ್ಲಿ ಇದೇ ನೀರಲ್ಲಿ ಇದೇ ರೊಟಾಲಾ ಸುಮಾರಾಗಿ ಬೆಳೀತಿತ್ತು. ಏಪ್ರಿಲ್‌ನಲ್ಲಿ ಬದಲಾಗಿದ್ದು ಏನು?

ರಜೆಗೆ ಊರಿಗೆ ಹೋಗುವಾಗ ಪೆನ್ನಿನ ಥರದ ಒಂದು ಟಿಡಿಎಸ್ ಮೀಟರ್ ಜೇಬಲ್ಲಿತ್ತು. ನಿಜ ಹೇಳ್ಬೇಕಂದ್ರೆ ಅದು ಅಳೆಯೋದು ನೀರಿನ ವಿದ್ಯುತ್ ವಾಹಕತೆ, ಅದನ್ನ ಒಂದು ಸಂಖ್ಯೆಯಿಂದ ಗುಣಿಸಿ ಕರಗಿದ ಲವಣ ಇಷ್ಟು ಅಂತ ತೋರಿಸುತ್ತೆ. ಅಂದಾಜಿಗೆ ಸಾಕು. ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ಒಂದೇ ರಸ್ತೆ ಮೇಲಿವೆ, ರಾಷ್ಟ್ರೀಯ ಹೆದ್ದಾರಿ 150ಎ. ಲಿಂಗಸುಗೂರಲ್ಲಿ ಮಾಮಾನ ಮನೆ, ಮಸ್ಕಿಯಲ್ಲಿ ಅತ್ತೆಯ ಮನೆ. ಎರಡೂ ಕಡೆ ಒಂದೊಂದು ಬಾಟಲಿ ಬೋರ್ ನೀರು ತುಂಬಿಸ್ಕೊಂಡೆ. "ಎಂಜಿನಿಯರಿಂಗ್ ಓದಾಕ ಹಚ್ಚಿದ್ರ ನೀರ ಹೊತ್ಕೊಂಡ ತಿರಗಾಕತ್ಯಾನ" ಅಂತ ಅತ್ತೆ ನಕ್ಕಿದ್ದೇ ನಕ್ಕಿದ್ದು.

ಲಿಂಗಸುಗೂರಿನ ಬಾಟಲಿ 1240. ಮಸ್ಕಿಯದು 1450. ನಮ್ಮ ಮನೆ ಬೋರ್ 1000. ಕಾಕಾನ ಊರ ಹತ್ತಿರ ಕಾಲುವೆಯ ತಳದಲ್ಲಿ ಉಳಿದಿದ್ದ ತುಂಗಭದ್ರೆಯ ನೀರು 190. ಇವು ಆ ನಾಲ್ಕು ಬಾಟಲಿಯ ಸಂಖ್ಯೆ ಅಷ್ಟೇ, ಪಕ್ಕದ ಮನೆ ಬೋರ್‌ನಲ್ಲಿ ಬೇರೆ ಬರಬಹುದು. ಕುಡಿಯೋ ನೀರಿಗೆ ಭಾರತೀಯ ಮಾನಕದಲ್ಲಿ 500 ಒಳ್ಳೇದು, ಬೇರೆ ದಾರಿ ಇಲ್ಲದಿದ್ರೆ 2000 ತನಕ ಅಂತ ಇದೆ. ಮಸ್ಕಿ ಅಂದ್ರೆ ಎಲ್ಲರಿಗೂ ಅಶೋಕನ ಹೆಸರಿರೋ ಶಾಸನ ನೆನಪಾಗುತ್ತೆ. 1915ರಲ್ಲಿ ಅದನ್ನ ಕಂಡುಹಿಡಿದ ಬೀಡನ್ ಒಬ್ಬ ಚಿನ್ನದ ಗಣಿ ಎಂಜಿನಿಯರ್. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇವತ್ತಿಗೂ ಚಿನ್ನ ತೆಗೀತಾರೆ. ಈ ಬಂಡೆಯೊಳಗೆ ಚಿನ್ನ ಇದೆ ನಿಜ, ನಮ್ಮ ಬೋರ್‌ನಲ್ಲಿ ಬರೋದು ಮಾತ್ರ ಸುಣ್ಣ.

ಕೊನೆಗೆ ಮೀಟರನ್ನ ತಂಗಿಯ ತೊಟ್ಟಿಗೆ ಇಳಿಸಿದಾಗ ಬಂದದ್ದು 2280.

ಹಾಕಿದ ನೀರು 1000, ಇರೋ ನೀರು 2280. ಗೊಬ್ಬರ ಇಷ್ಟೊಂದು ಏರಿಸಲ್ಲ. ಏರಿಸಿದ್ದು ಬಿಸಿಲು. ಬೇಸಿಗೆಯಲ್ಲಿ ನಮ್ಮಲ್ಲಿ 40 ಡಿಗ್ರಿ ಮಾಮೂಲು. ತೊಟ್ಟಿ ತಣ್ಣಗಿರ್ಲಿ ಅಂತ ಮೇಲೊಂದು ಸಣ್ಣ ಫ್ಯಾನ್ ಇರುತ್ತೆ, ನೀರಿನ ಮೇಲೆ ಗಾಳಿ ಆಡಿದ್ರೆ ಎರಡು ಮೂರು ಡಿಗ್ರಿ ಇಳಿಯುತ್ತೆ. ಇಳಿಯೋದು ಆವಿಯಾಗೋದ್ರಿಂದ. ದಿನಕ್ಕೆ ಸುಮಾರು ಒಂದು ಲೀಟರ್ ನೀರು ಆವಿ ಆಗ್ತಿತ್ತು, ಅಷ್ಟನ್ನ ಬೋರ್ ನೀರಿಂದ ತುಂಬೋದು, ಮನೆಮನೆಯಲ್ಲೂ ಮಾಡೋ ಹಾಗೆ. ನೀರು ಹಾರಿಹೋಗುತ್ತೆ, ಉಪ್ಪು ಹಾರಲ್ಲ. ವಾರಕ್ಕೆ 7 ಲೀಟರ್, ಲೀಟರಿಗೆ 1000 ಮಿಲಿಗ್ರಾಂ ಅಂದ್ರೆ 7 ಗ್ರಾಂ ಉಪ್ಪು. 50 ಲೀಟರಿಗೆ ಹಂಚಿದ್ರೆ ವಾರಕ್ಕೆ 140 ಏರಿಕೆ. ಮಾರ್ಚ್ ಶುರುವಿಂದ ಮೇ ನಡುವಿನ ತನಕ ಹತ್ತು ವಾರ ಹಿಡಿದ್ರೆ 2400 ಆಗ್ಬೇಕು. ಮೀಟರ್ ತೋರಿಸಿದ್ದು 2280. ಉಳಿದದ್ದು ಎಲ್ಲಿ ಅಂದ್ರೆ, ಗಾಜಿನ ಅಂಚಲ್ಲಿ ಬೆರಳಗಲದ ಬಿಳಿ ಪಟ್ಟಿಯಾಗಿ ಕೂತಿತ್ತು.

ಆ ಬಿಳಿ ಪಟ್ಟಿ ನೋಡಿ ಕಾಕಾ ಉಗುರಲ್ಲಿ ಕೆರೆದು ನಾಲಿಗೆಗೆ ಇಟ್ಕೊಂಡ್ರು. "ತಮ್ಮಾ, ಇದು ಸವಳು" ಅಂದ್ರು.

ನಮ್ಮ ಪುಸ್ತಕದಲ್ಲಿ ಇದು ಸಲೈನಿಟಿ, ವಾಟರ್‌ಲಾಗಿಂಗ್. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಅವು ಭೂಗೋಳದ ಎರಡು ಮಾರ್ಕಿನ ಪ್ರಶ್ನೆ. ನಮ್ಮ ಕಡೆ ಅದಕ್ಕೆ ಸವಳು-ಜವಳು ಅಂತಾರೆ. ಸವಳು ಅಂದ್ರೆ ಉಪ್ಪು ಮೇಲೆದ್ದ ಭೂಮಿ, ಜವಳು ಅಂದ್ರೆ ನೀರು ಬಸಿಯದೆ ನಿಂತ ಭೂಮಿ. ಒಂದರ ಬೆನ್ನಿಗೆ ಇನ್ನೊಂದು ಬರೋದ್ರಿಂದ ಎರಡನ್ನೂ ಸೇರಿಸಿ ಒಂದೇ ಉಸಿರಲ್ಲಿ ಹೇಳ್ತಾರೆ. ಕಾಕಾನ ನಾಲ್ಕು ಎಕರೆಯಲ್ಲಿ ತಗ್ಗಿನ ಒಂದು ಎಕರೆ ಹಾಗಾಗಿದೆ. ನೀರು ಆರಿದ ಮೇಲೆ ಮಣ್ಣಿನ ಮೇಲೆ ಸುಣ್ಣ ಚೆಲ್ಲಿದ ಹಾಗೆ ಬಿಳಿ. ಅಲ್ಲಿ ನಾಟಿ ಮಾಡಿದ ಸಸಿ ತುದಿಯಿಂದ ಸುಟ್ಟುಕೊಂಡು ಬರುತ್ತೆ. ನೀರಲ್ಲೇ ನಿಂತಿದ್ರೂ ಬಾಯಾರಿಕೆ, ಯಾಕಂದ್ರೆ ಹೊರಗಿನ ನೀರಿನಲ್ಲಿ ಉಪ್ಪು ಹೆಚ್ಚಾದಷ್ಟೂ ಬೇರು ನೀರು ಎಳೆಯೋದು ಕಷ್ಟ. ಭತ್ತ ಉಪ್ಪಿಗೆ ಸೂಕ್ಷ್ಮ ಬೆಳೆ, ಹತ್ತಿ ತಡೆದಷ್ಟು ತಡೆಯಲ್ಲ. ಆ ಎಕರೆಗೂ ಮನೇಲಿ ಬಂದ ಸಲಹೆಗಳು ಗಿಡದ ಅಂಗಡಿಯ ಸಲಹೆಗಳೇ. ಯೂರಿಯಾ ಜಾಸ್ತಿ ಹಾಕು, ಜಿಂಕ್ ಹಾಕು, ಇನ್ನೊಂದು ಸರ್ತಿ ನೀರು ಕಟ್ಟು. ಕಾಕಾನ ಮಗ ಮಾತ್ರ ಬೇರೆ ಹೇಳ್ತಿದ್ದ: ಮಾರಿಬಿಡೋಣ.

ಇದು ಕಾಕಾನ ಒಬ್ಬರ ಕಥೆ ಅಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯೋಕೆ ಶುರುವಾಯ್ತು. ಎಡದಂಡೆ ಕಾಲುವೆ ಸುಮಾರು 227 ಕಿಲೋಮೀಟರ್, ಕೊಪ್ಪಳ ದಾಟಿ ರಾಯಚೂರು ಜಿಲ್ಲೆಗೆ ಬರುತ್ತೆ. ಯೋಜನೆ ಮಾಡಿದವರ ಲೆಕ್ಕದಲ್ಲಿ ಈ ಬಯಲಿನ ಹೆಚ್ಚಿನ ಭಾಗಕ್ಕೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ. ಬರ ತಡೆಯೋಕೆ ತೆಳ್ಳಗೆ ಹಂಚಬೇಕಾದ ನೀರು ಅದು. ಬೆಳೆದದ್ದು ಭತ್ತ. ಅದಕ್ಕೆ ಯಾರನ್ನೂ ಬೈಯೋಕಾಗಲ್ಲ, ಕೈಗೆ ದುಡ್ಡು ಕೊಟ್ಟಿದ್ದು, ಸಿಂಧನೂರನ್ನ ಸಿಂಧನೂರು ಮಾಡಿದ್ದು ಅದೇ ಬೆಳೆ. ಆದ್ರೆ ಕಪ್ಪು ಎರೆ ಮಣ್ಣಲ್ಲಿ ವರ್ಷದಲ್ಲಿ ತಿಂಗಳುಗಟ್ಟಲೆ ನೀರು ನಿಂತ್ರೆ ನೆಲದೊಳಗಿನ ನೀರಿನ ಮಟ್ಟ ಮೇಲೆ ಬರುತ್ತೆ. ಆ ನೀರು ಮಣ್ಣಿನ ಉಪ್ಪನ್ನ ಹೊತ್ತು ಬರುತ್ತೆ. ಬಿಸಿಲು ನೀರನ್ನ ಮಾತ್ರ ತಗೊಂಡು ಹೋಗುತ್ತೆ. ಲಿಂಗಸುಗೂರಿನ ಮಾಮಾಗೆ ಈ ಚಿಂತೆ ಇಲ್ಲ. ಅವರದ್ದು ಮಳೆ ನಂಬಿದ ತೊಗರಿ, ಸಜ್ಜೆ. "ನಿಮಗ ನೀರ ಹೆಚ್ಚಾಗಿ ಚಿಂತಿ, ನಮಗ ನೀರ ಇಲ್ದ ಚಿಂತಿ" ಅಂತಾರೆ.

ಈ ರೋಗ ನಮ್ಮಲ್ಲೇ ಹುಟ್ಟಿದ್ದೂ ಅಲ್ಲ. ಸಾವಿರಾರು ವರ್ಷದ ಹಿಂದೆ ಮೆಸೊಪೊಟೇಮಿಯಾದ ದಕ್ಷಿಣ ಭಾಗದಲ್ಲಿ ಕಾಲುವೆ ನೀರಾವರಿಯಿಂದ ಉಪ್ಪು ಏರಿ, ಜನ ಗೋಧಿ ಬಿಟ್ಟು ಉಪ್ಪು ತಡೆಯೋ ಬಾರ್ಲಿಗೆ ಹೋದ್ರು ಅಂತ ಜೇಕಬ್‌ಸನ್ ಮತ್ತು ಆಡಮ್ಸ್ ಅನ್ನೋ ವಿದ್ವಾಂಸರು 1958ರಲ್ಲಿ ಬರೆದ್ರು. ಅಷ್ಟು ಹಳೇ ಸಮಸ್ಯೆ ಇವತ್ತು ನಮ್ಮ ಹಾಲ್‌ನಲ್ಲಿ, ಟಿವಿ ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿ.

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದು ಬರೀ ಮಾಸ್ ಬ್ಯಾಲೆನ್ಸ್. ಒಳಗೆ ಬಂದ ಉಪ್ಪು, ಹೊರಗೆ ಹೋದ ಉಪ್ಪು ಸಮ ಆದಾಗ ತೊಟ್ಟಿ ಒಂದು ಮಟ್ಟಕ್ಕೆ ನಿಲ್ಲುತ್ತೆ:

ತೊಟ್ಟಿಯ ಟಿಡಿಎಸ್ = ಹಾಕುವ ನೀರಿನ ಟಿಡಿಎಸ್ × (ಆವಿಯಾದ ನೀರು + ತೆಗೆದ ನೀರು) ÷ ತೆಗೆದ ನೀರು

ವಾರಕ್ಕೆ ಆವಿ 7 ಲೀಟರ್, ಬೋರ್ 1000 ಅಂತ ಇಟ್ಕೊಳ್ಳಿ. ವಾರಕ್ಕೆ 7 ಲೀಟರ್ ತೆಗೆದು ಹೊಸದು ಹಾಕಿದ್ರೆ ತೊಟ್ಟಿ 2000ಕ್ಕೆ ನಿಲ್ಲುತ್ತೆ. 15 ಲೀಟರ್ ತೆಗೆದ್ರೆ ಸುಮಾರು 1470. 25 ಲೀಟರ್ ತೆಗೆದ್ರೆ 1280. ಏನೂ ತೆಗೆಯದಿದ್ರೆ? ಛೇದದಲ್ಲಿ ಸೊನ್ನೆ. ಮಟ್ಟವೇ ಇಲ್ಲ, ಏರ್ತಾನೇ ಇರುತ್ತೆ. ಇಡೀ ಸೂತ್ರದಲ್ಲಿ ಗೊಬ್ಬರ ಎಲ್ಲೂ ಇಲ್ಲ ನೋಡಿ. ಇರೋದು ಹೊರಗೆ ಹೋಗೋ ನೀರು ಮಾತ್ರ.

ಗದ್ದೆಗೂ ಇದೇ ಸೂತ್ರ. ಅಮೆರಿಕದ ರಿವರ್‌ಸೈಡ್‌ನಲ್ಲಿರೋ ಲವಣ ಪ್ರಯೋಗಾಲಯ 1954ರಲ್ಲಿ ತಂದ ಕೈಪಿಡಿಯಲ್ಲಿ ಇದನ್ನ ಲೀಚಿಂಗ್ ರಿಕ್ವೈರ್‌ಮೆಂಟ್ ಅಂತ ಕೊಟ್ಟಿದ್ದಾರೆ. ಬೆಳೆ ಕುಡಿಯೋದಕ್ಕಿಂತ ಇಷ್ಟು ಪಾಲು ಹೆಚ್ಚು ನೀರು ಕೊಟ್ಟು, ಅದು ಬೇರು ದಾಟಿ ಕೆಳಗೆ ಬಸಿದು ಹೊರಗೆ ಹೋಗ್ಬೇಕು. ಹೋಗ್ಬೇಕು ಅನ್ನೋದೇ ಮುಖ್ಯ. ಬಸಿಗಾಲುವೆ ಇಲ್ಲದ ಗದ್ದೆಗೆ ಹೆಚ್ಚು ನೀರು ಕಟ್ಟಿದ್ರೆ ತೊಳೆದ ಹಾಗಲ್ಲ, ನೆನೆಸಿಟ್ಟ ಹಾಗೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಈ ಬಯಲಿನ ಸವಳು ಮಣ್ಣಿನ ಮೇಲೆ ಬಹಳ ವರ್ಷದಿಂದ ಕೆಲಸ ಮಾಡ್ತಿದೆ. ಅಲ್ಲಿಂದ ಉಪ್ಪು ತಡೆಯೋ ಗಂಗಾವತಿ ಸೋನಾ ಅನ್ನೋ ಭತ್ತದ ತಳಿಯೂ ಬಂದಿದೆ. ತಳಿ ತಡೆಯುತ್ತೆ, ಆದ್ರೆ ಉಪ್ಪನ್ನ ಹೊರಗೆ ಹಾಕೋಕೆ ಬಸಿಗಾಲುವೆಯೇ ಬೇಕು.

ತೊಟ್ಟಿಯ ಔಷಧಿ ಸುಲಭವಾಗಿತ್ತು. ಮನೆ ಹತ್ತಿರ ಶುದ್ಧ ಕುಡಿಯುವ ನೀರಿನ ಘಟಕ ಇದೆ, ನಾಣ್ಯ ಹಾಕಿದ್ರೆ ಕ್ಯಾನ್ ತುಂಬೋದು. ಆ ಆರ್‌ಒ ನೀರು ಮೀಟರಲ್ಲಿ 60. ಆವಿಯಾದಷ್ಟನ್ನ ತುಂಬೋಕೆ ಬರೀ ಆರ್‌ಒ ನೀರು. ವಾರಕ್ಕೆ 15 ಲೀಟರ್ ತೆಗೆದು ಅರ್ಧ ಬೋರ್, ಅರ್ಧ ಆರ್‌ಒ ಬೆರೆಸಿದ ನೀರು. ಲೆಕ್ಕ ಹಾಕಿದ್ರೆ ಇದು ಸುಮಾರು 560ಕ್ಕೆ ಬಂದು ನಿಲ್ಲಬೇಕು. ಪೂರ್ತಿ ಆರ್‌ಒ ಯಾಕಲ್ಲ ಅಂದ್ರೆ ಗಿಡಕ್ಕೆ, ಗಪ್ಪಿಗೆ ಇಬ್ಬರಿಗೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಸ್ವಲ್ಪ ಬೇಕೇ ಬೇಕು. ಒಂದೇ ದಿನ 2280ರಿಂದ 600ಕ್ಕೆ ಇಳಿಸಬಾರದು, ಮೀನಿನ ಮೈ ತಡೆಯಲ್ಲ. ತಂಗಿ ಆರು ವಾರ ತಗೊಂಡ್ಳು. ಕಬ್ಬಿಣದ ಗೊಬ್ಬರ ಡಿಟಿಪಿಎಗೆ ಬದಲಾಯ್ತು. ಲೈಟ್ ದಿನಕ್ಕೆ ಏಳು ಗಂಟೆ, ಅಷ್ಟೇ. ಬೆಳಕು ಹೆಚ್ಚಿಸಿದ್ರೆ ಸೊರಗಿದ ಗಿಡದ ಬದಲು ಪಾಚಿ ಬೆಳೆಯುತ್ತೆ.

ಮಾಡಿದ ಮೇಲೆ ಎಲ್ಲಿ ನೋಡ್ಬೇಕು ಅನ್ನೋದೂ ಗೊತ್ತಿರ್ಲಿ. ಹಾಳಾದ ಎಲೆ ಮತ್ತೆ ಸರಿಹೋಗಲ್ಲ. ತೂತು ಮುಚ್ಚಲ್ಲ. ಅದನ್ನ ಕತ್ತರಿಸಿ ತೆಗೆದು ಚಿಗುರು ಮಾತ್ರ ನೋಡ್ಬೇಕು. ನಾಲ್ಕನೇ ವಾರಕ್ಕೆ ರೊಟಾಲಾ ಚಿಗುರು ಹಸಿರಾಗೇ ಬಂತು. ಕ್ರಿಪ್ಟೊಕೊರಿನ್ ಬೇರಿಂದ ಮೂರು ಹೊಸ ಎಲೆ ಬಿಡ್ತು.

ಇನ್ನೊಂದು ವಿಷಯ ಹೇಳ್ದೆ ಇರೋಕಾಗಲ್ಲ. ಅಂಗಡಿಯಲ್ಲಿ ಪುಟ್ಟ ಕಪ್ಪಿನಲ್ಲಿಟ್ಟು ಮಾರೋ ರೊಟಾಲಾ, ಲುಡ್ವಿಜಿಯಾ, ಅಮ್ಮಾನಿಯಾ ಈ ಮೂರೂ ಕುಲದ ಗಿಡಗಳು ನಮ್ಮ ಭತ್ತದ ಗದ್ದೆಯಲ್ಲಿ ಕಳೆ. ಕೂಲಿ ಕೊಟ್ಟು ಕೀಳಿಸಿ ಬದುವಿನ ಮೇಲೆ ಒಗೀತಾರೆ. ನಮ್ಮ ನೀರಿಗೆ, ನಮ್ಮ ಬಿಸಿಲಿಗೆ ಹೊಂದಿಕೊಂಡ ಗಿಡ ಬೇಕಿದ್ರೆ ಬದುವಿಗೆ ಹೋಗ್ಬಹುದು. ಆದ್ರೆ ಗದ್ದೆಯ ಗಿಡದಲ್ಲಿ ಕೀಟನಾಶಕ ಇರುತ್ತೆ, ತೊಳೆದು ಬೇರೆ ಬಕೆಟ್‌ನಲ್ಲಿ ನೀರು ಬದಲಾಯಿಸ್ತಾ ಎರಡು ಮೂರು ವಾರ ಇಟ್ಟು ಆಮೇಲೆ ಮೀನಿನ ಹತ್ತಿರ ಬಿಡಿ. ತೊಟ್ಟಿಯ ಗಿಡ ಮಾತ್ರ ಯಾವತ್ತೂ ಕಾಲುವೆಗೆ ಬಿಸಾಕಬೇಡಿ. ನಮ್ಮಲ್ಲಿ ಸಾಮಾನ್ಯವಾದ ಹೈಡ್ರಿಲ್ಲಾ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಅಮೆರಿಕದ ಫ್ಲೋರಿಡಾಗೆ ಹೋಗಿ ಅಲ್ಲಿನ ಕಾಲುವೆ, ಕೆರೆಗಳನ್ನ ಕಟ್ಟಿಹಾಕಿತು.

ಈಗ ಕಷ್ಟದ ಭಾಗ. ತಂಗಿ ತೆಗೆದ 15 ಲೀಟರ್ ಮೋರಿಗೆ ಹೋಗುತ್ತೆ. ಆರ್‌ಒ ಘಟಕ ನಮಗೆ ಸಿಹಿ ನೀರು ಕೊಟ್ಟು ಉಪ್ಪು ನೀರನ್ನ ಇನ್ನೊಂದು ಪೈಪಲ್ಲಿ ಹೊರಗೆ ಬಿಡುತ್ತೆ. ಉಪ್ಪು ಮಾಯ ಆಗಲ್ಲ, ಜಾಗ ಬದಲಾಯಿಸುತ್ತೆ ಅಷ್ಟೇ. ತೊಟ್ಟಿಯಲ್ಲಿ ಬಕೆಟ್ ಹಿಡಿದ್ರೆ ಮುಗೀತು, ಗದ್ದೆಗೆ ಬಕೆಟ್ ಇಲ್ಲ. ಕಾಕಾನ ತಗ್ಗಿನ ಎಕರೆಯಿಂದ ನೀರು ಹಳ್ಳಕ್ಕೆ ಹೋಗ್ಬೇಕಂದ್ರೆ ನಡುವೆ ಪಕ್ಕದವರ ಹೊಲ ದಾಟಬೇಕು. ಅವರ ಅಂಚಲ್ಲಿ ಬಸಿಗಾಲುವೆ ತೋಡ್ಬೇಕಂದ್ರೆ ಅವರಿಗೆ ಎರಡು ಸಾಲು ಭತ್ತದ ಜಾಗ ಹೋಗುತ್ತೆ. ಮೂರು ವರ್ಷದಿಂದ ಅದೇ ಮಾತು, ಅದೇ ಉತ್ತರ. "ನೀರ ಕೇಳಾಕ ಆಫೀಸ್ ಐತಿ, ಎಂಜಿನಿಯರ್ ಅದಾರ. ನೀರ ಹೊರಗ ಬಿಡಾಕ ಮಾತ್ರ ಮಂದಿ ಕಾಲ ಹಿಡೀಬೇಕು" ಅಂತಾರೆ ಕಾಕಾ.

ಈ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ನಾವು ಓದೋ ಸಿವಿಲ್ ಪುಸ್ತಕಗಳಲ್ಲಿ ಅಣೆಕಟ್ಟು, ಮುಖ್ಯ ಕಾಲುವೆ, ಉಪಕಾಲುವೆ ತನಕ ಚಿತ್ರ ದೊಡ್ಡದಾಗಿ ಇರುತ್ತೆ. ಬಸಿಗಾಲುವೆ ಕೊನೇ ಅಧ್ಯಾಯ, ಪರೀಕ್ಷೆಗೆ ಬಿಡೋ ಅಧ್ಯಾಯ. ನೀರು ತಂದುಕೊಡೋದಕ್ಕೆ ಇರೋ ಹೆಸರು, ನೀರು ಬಿಡಿಸಿಕೊಡೋದಕ್ಕೆ ಇಲ್ಲ.

ಆಗಸ್ಟ್‌ನಲ್ಲಿ ಕಾಲುವೆಗೆ ನೀರು ಬಂದ ಮೇಲೆ ಕಾಕಾ ಫೋನ್ ಮಾಡಿ, "ಆ ಪೆನ್ನ ಒಂದ ನನಗೂ ತಂದಕೊಡು ತಮ್ಮಾ" ಅಂದ್ರು. ತಂದುಕೊಟ್ಟೆ. ಈಗ ಅದು ಅವರ ಅಂಗಿ ಜೇಬಲ್ಲಿ ಬೀಡಿ ಕಟ್ಟಿನ ಪಕ್ಕ ಇರುತ್ತೆ. ಕಾಲುವೆ ನೀರು, ತಮ್ಮ ಮೇಲಿನ ಮೂರು ಎಕರೆ, ತಗ್ಗಿನ ಎಕರೆ ಎಲ್ಲ ಅಳೆದ್ರು. ಆಮೇಲೆ ಪಕ್ಕದವರನ್ನೇ ಕರ್ಕೊಂಡು ಹೋಗಿ ಅವರ ಹೊಲದ ಅಂಚಿನ ನೀರಲ್ಲಿ ಮೀಟರ್ ಇಳಿಸಿದ್ರು. ತಗ್ಗಿನ ಎಕರೆ 3100. ಪಕ್ಕದವರ ಅಂಚು 1700. ಕಾಲುವೆ 190. ಕಾಕಾ ಏನೂ ವಾದ ಮಾಡಲಿಲ್ಲವಂತೆ, ಮೀಟರನ್ನ ಅವರ ಕೈಗೇ ಕೊಟ್ಟು ಇನ್ನೊಂದು ಸಲ ಅಳೆಯೋಕೆ ಹೇಳಿದ್ರಂತೆ.

ಅವರು ಎರಡು ಸಲ ಅಳೆದು, "ಸುಗ್ಗಿ ಮುಗೀಲಿ, ಕುಂತು ಮಾತಾಡೋಣ" ಅಂದಿದ್ದಾರೆ. ತಗ್ಗಿನ ಎಕರೆಗೆ ಕಾಕಾ ಈ ಸಲ ನಾಟಿ ಮಾಡಿಲ್ಲ. ಮಾರೋ ಮಾತನ್ನ ಮಗನೂ ಸದ್ಯಕ್ಕೆ ಎತ್ತಿಲ್ಲ.